ನಿಮಗಿದು ಗೊತ್ತೇ? ಬರಿಗಣ್ಣಿಗೆ ಕಾಣದ ಪುಡಿ, ಹಲ್ಲಿಲ್ಲದ ಇಲಿ, ಆದವಾನಿಯ ಹತ್ತಿ ಧೂಳು

ನಾಯಿಯ ಸೈಟೊಕೈನ್ ಎಂಬ ಪ್ರೋಟೀನು ತರಿಸಿಕೊಂಡ ಪ್ರಯೋಗಾಲಯದಲ್ಲಿ ಹೊಸಬರು ಮೊದಲು ಕೇಳುವ ಪ್ರಶ್ನೆ ಒಂದೇ: "ಸೀಸೆ ಖಾಲಿ ಬಂದಿದೆಯಲ್ಲ?" ಖಾಲಿಯಲ್ಲ. ಒಳಗಿರುವುದು 10 ಮೈಕ್ರೊಗ್ರಾಂ, ಅಂದರೆ ಒಂದು ಗ್ರಾಂನ ಲಕ್ಷದಲ್ಲೊಂದು ಪಾಲು. ಶೈತ್ಯದಲ್ಲಿ ಒಣಗಿಸಿದ ಆ ಪ್ರೋಟೀನು ಗಾಜಿಗೋ ಮುಚ್ಚಳಕ್ಕೋ ಅಂಟಿ ಕೂತಿರುತ್ತದೆ. ಹಾಗಾಗಿ ಮುಚ್ಚಳ ತೆರೆಯುವ ಮುಂಚೆ ಸೀಸೆಯನ್ನು ಸೆಂಟ್ರಿಫ್ಯೂಜಿನಲ್ಲಿ ಒಂದು ಸುತ್ತು ತಿರುಗಿಸಿ ಎಲ್ಲವನ್ನೂ ತಳಕ್ಕಿಳಿಸಬೇಕು. ಆತುರಪಟ್ಟು ತೆರೆದರೆ ದುಡ್ಡು ಮುಚ್ಚಳದ ಜೊತೆ ಹೋಯಿತು.

◆

ಇಷ್ಟೇ ಇಷ್ಟು ಎಷ್ಟು ದಿನಕ್ಕೆ? ಕೋಶಗಳನ್ನು ಸಾಕುವ ದ್ರವಕ್ಕೆ ಮಿಲಿಲೀಟರಿಗೆ 20 ನ್ಯಾನೊಗ್ರಾಂ ಬೆರೆಸಿದರೆ ಆ 10 ಮೈಕ್ರೊಗ್ರಾಂ ಅರ್ಧ ಲೀಟರಿಗೆ ಸಾಕಾಗುತ್ತದೆ. ನಮ್ಮ ಮೈಯಲ್ಲೂ ನಾಯಿಯ ಮೈಯಲ್ಲೂ ಸೈಟೊಕೈನುಗಳು ಕೆಲಸ ಮಾಡುವುದು ಇಂಥ ಅಳತೆಯಲ್ಲೇ. ಒಂದು ಕೋಶ ಬಿಟ್ಟದ್ದನ್ನು ಇನ್ನೊಂದು ಕೋಶ ಹಿಡಿದು 'ಬೆಳೆ', 'ಬಾ', 'ಸಾಕು ನಿಲ್ಲು' ಎಂಬ ಆಜ್ಞೆಗಳನ್ನು ಓದಿಕೊಳ್ಳುತ್ತದೆ.

◆

ನಾಯಿಯ ಕೆಲವು ಮಿಲಿಲೀಟರ್ ರಕ್ತದಿಂದ ಮಾನೊಸೈಟ್ ಎಂಬ ಬಿಳಿಕೋಶಗಳನ್ನು ಬೇರ್ಪಡಿಸಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಸುಮ್ಮನೆ ಬಿಟ್ಟರೆ ಅವುಗಳಲ್ಲಿ ಹೆಚ್ಚಿನವು ಒಂದೆರಡು ದಿನದಲ್ಲೇ ಸಾಯುತ್ತವೆ. ಜಿಎಂ-ಸಿಎಸ್‌ಎಫ್ ಅಥವಾ ಎಂ-ಸಿಎಸ್‌ಎಫ್ ಎಂಬ ಸೈಟೊಕೈನ್ ಹಾಕಿ 37 ಡಿಗ್ರಿ ಶಾಖದಲ್ಲಿ ಐದಾರು ದಿನ ಇಟ್ಟರೆ ಅವೇ ಕೋಶಗಳು ಊದಿ, ತಟ್ಟೆಗೆ ಕಚ್ಚಿ, ಕೈಕಾಲು ಚಾಚಿ ಮ್ಯಾಕ್ರೊಫೇಜ್ ಆಗುತ್ತವೆ. ಮೈಗೆ ನುಗ್ಗಿದ ರೋಗಾಣುವನ್ನೂ ಸತ್ತ ಕೋಶವನ್ನೂ ನುಂಗಿ ಅರಗಿಸುವುದು ಇವುಗಳ ಕೆಲಸ. ಎರಡು ಸೈಟೊಕೈನಿನಲ್ಲಿ ಯಾವುದನ್ನು ಹಾಕಿದಿರಿ ಎಂಬುದರ ಮೇಲೆ ಹುಟ್ಟುವ ಮ್ಯಾಕ್ರೊಫೇಜಿನ ಗುಣವೂ ಬದಲಾಗುತ್ತದೆ. ಜಿಎಂ-ಸಿಎಸ್‌ಎಫ್ ಕುಡಿದು ಬೆಳೆದವು ಜಗಳಕ್ಕೆ ಬೇಗ ಸಿದ್ಧ. ಎಂ-ಸಿಎಸ್‌ಎಫ್ ಕುಡಿದವು ರಿಪೇರಿ, ಸ್ವಚ್ಛತೆಯ ಕಡೆಗೆ ವಾಲುತ್ತವೆ.

◆

ಈ ಕೋಶಗಳನ್ನು ಕಂಡವನು ರಷ್ಯಾದ ಎಲೀ ಮೆಚ್ನಿಕಾಫ್. 1882ರಲ್ಲಿ, ಇಟಲಿಯ ಮೆಸ್ಸಿನಾದಲ್ಲಿ, ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ, ಪಾರದರ್ಶಕ ಮೈಯ ನಕ್ಷತ್ರಮೀನಿನ ಮರಿಗೆ ತೋಟದ ಗುಲಾಬಿ ಮುಳ್ಳು ಚುಚ್ಚಿಟ್ಟ. ಮರುದಿನ ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳ ಜಾತ್ರೆ. 1908ರಲ್ಲಿ ನೊಬೆಲ್ ಬಂತು.

◆

ಸಕ್ಕರೆ ಕಾಯಿಲೆಯ ನಾಯಿಗೆ ಹಂದಿಯ ಇನ್ಸುಲಿನ್ ಕೊಡಬಹುದು. ಕೊಡಬಹುದು ಎನ್ನುವುದೂ ಕಮ್ಮಿಯೇ. ಎರಡರ ಇನ್ಸುಲಿನ್ನೂ ಅಕ್ಷರ ಅಕ್ಷರ ಒಂದೇ, ಅಮೈನೊ ಆಮ್ಲಗಳ ಸಾಲಿನಲ್ಲಿ ಒಂದು ವ್ಯತ್ಯಾಸವೂ ಇಲ್ಲ. ಮನುಷ್ಯನ ಇನ್ಸುಲಿನ್ ಇವೆರಡಕ್ಕಿಂತ ಬೇರೆಯಾಗುವುದು ಒಂದೇ ಒಂದು ಅಮೈನೊ ಆಮ್ಲದಲ್ಲಿ.

ಹಾಗಾದರೆ ನಾಯಿಗೇ ಅಂತ ಬೇರೆ ಸೈಟೊಕೈನ್ ಯಾಕೆ? ಸೈಟೊಕೈನುಗಳು ಇನ್ಸುಲಿನ್ನಿನಷ್ಟು ಸಂಪ್ರದಾಯಸ್ಥರಲ್ಲ, ಜಾತಿಯಿಂದ ಜಾತಿಗೆ ಬಹಳ ಬದಲಾಗಿವೆ. ಮನುಷ್ಯನ ಜಿಎಂ-ಸಿಎಸ್‌ಎಫ್ ಇಲಿಯ ಕೋಶಕ್ಕೆ ಹಾಕಿದರೆ ಅದು ತಿರುಗಿಯೂ ನೋಡುವುದಿಲ್ಲ, ಇಲಿಯದನ್ನು ಮನುಷ್ಯನ ಕೋಶಕ್ಕೆ ಹಾಕಿದರೂ ಅಷ್ಟೇ. ಎಂ-ಸಿಎಸ್‌ಎಫ್ ಕಥೆ ಇನ್ನೂ ತಮಾಷೆ. ಮನುಷ್ಯನದು ಇಲಿಗೆ ನಡೆಯುತ್ತದೆ, ಇಲಿಯದು ಮನುಷ್ಯನಿಗೆ ನಡೆಯುವುದಿಲ್ಲ. ಇದೇ ಕುಟುಂಬದ ಇನ್ನೊಂದು ಸೈಟೊಕೈನ್ ಜಿ-ಸಿಎಸ್‌ಎಫ್. ನಾಯಿಯ ಮೈಗೆ ಮನುಷ್ಯನ ಜಿ-ಸಿಎಸ್‌ಎಫ್ ಚುಚ್ಚಿದರೆ ಮೊದಮೊದಲು ಬಿಳಿರಕ್ತಕಣ ಏರುತ್ತದೆ. ಆಮೇಲೆ ನಾಯಿಯ ಮೈ ಅದನ್ನು ಪರಕೀಯ ಎಂದು ಗುರುತಿಸಿ ಪ್ರತಿಕಾಯ ಹುಟ್ಟಿಸುತ್ತದೆ. ಆ ಪ್ರತಿಕಾಯ ನಾಯಿಯ ಸ್ವಂತ ಜಿ-ಸಿಎಸ್‌ಎಫ್ ಮೇಲೂ ತಿರುಗಿಬೀಳುವುದರಿಂದ ಬಿಳಿಕಣ ಮೊದಲಿಗಿಂತ ಕೆಳಗೆ ಕುಸಿಯುತ್ತದೆ. ಎರವಲು ತಂದದ್ದಕ್ಕೆ ಬಡ್ಡಿ ಕಟ್ಟುವುದು ಹೀಗೆ.

◆

ಈ ಸಿಎಸ್‌ಎಫ್ ಕುಟುಂಬದ ಹುಡುಕಾಟ ಶುರುವಾದದ್ದು ಅಕಸ್ಮಾತ್ತಾಗಿ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ರೇ ಬ್ರಾಡ್ಲಿ ಮತ್ತು ಡೊನಾಲ್ಡ್ ಮೆಟ್‌ಕಾಫ್ 1966ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೆತ್ತನೆ ಅಗಾರ್ ಮೇಲೆ ಇಲಿಯ ಮಜ್ಜೆಯ ಕೋಶಗಳು ಗುಂಪುಗುಂಪಾಗಿ ಬೆಳೆದಿದ್ದವು. ಇಸ್ರೇಲಿನಲ್ಲಿ ಪ್ಲುಝ್ನಿಕ್ ಮತ್ತು ಸ್ಯಾಕ್ಸ್ ಅದರ ಹಿಂದಿನ ವರ್ಷವೇ ಇದನ್ನು ಕಂಡಿದ್ದರು. ಬೆಳೆಸುತ್ತಿರುವ ವಸ್ತು ಯಾವುದು? ಅದನ್ನು ಸೋಸಿ ತೆಗೆಯಲು ಮೆಟ್‌ಕಾಫ್ ತಂಡಕ್ಕೆ ಸುಮಾರು ಒಂದು ದಶಕ ಹಿಡಿಯಿತು. 1977ರಲ್ಲಿ ಜಿಎಂ-ಸಿಎಸ್‌ಎಫ್ ಸಿಕ್ಕಿದ್ದು ಇಲಿಯ ಶ್ವಾಸಕೋಶ ನೆನೆಸಿದ ದ್ರವದಲ್ಲಿ. ಆ ಇಲಿಗಳಿಗೆ ಮೊದಲು ಎಂಡೊಟಾಕ್ಸಿನ್ ಎಂಬ ಬ್ಯಾಕ್ಟೀರಿಯಾ ವಿಷ ಚುಚ್ಚಬೇಕಿತ್ತು. ವಿಷ ಕಂಡ ಶ್ವಾಸಕೋಶ ಜಿಎಂ-ಸಿಎಸ್‌ಎಫ್ ಹೆಚ್ಚು ಸುರಿಸುತ್ತಿತ್ತು. ಎಂಡೊಟಾಕ್ಸಿನ್ ಎಂಬ ಈ ಹೆಸರನ್ನು ನೆನಪಿಡಿ, ಮುಂದೆ ಆದವಾನಿಯಲ್ಲಿ ಮತ್ತೆ ಸಿಗುತ್ತದೆ.

◆

ನಾಯಿಯ ಜಿಎಂ-ಸಿಎಸ್‌ಎಫ್ ಜೀನನ್ನು ಹಿಡಿದದ್ದು ಪಶುವೈದ್ಯರಲ್ಲ, ಮನುಷ್ಯರ ಕ್ಯಾನ್ಸರ್ ಆಸ್ಪತ್ರೆಯವರು! ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕೇಂದ್ರದ ತಂಡ 1991ರಲ್ಲಿ ಅದನ್ನು ಪ್ರಕಟಿಸಿತು. ಅಲ್ಲೇ ಯಾಕೆ ಎಂದರೆ, ಅಸ್ಥಿಮಜ್ಜೆ ಕಸಿಗೆ 1990ರ ನೊಬೆಲ್ ಹಂಚಿಕೊಂಡ ಅಲ್ಲಿನ ಡೊನಾಲ್ ಥಾಮಸ್ ಅದರ ಪಾಠವನ್ನು ಬಹುಪಾಲು ಕಲಿತದ್ದು ನಾಯಿಗಳ ಮೇಲೆ. ಕಸಿಯಾದ ಮಜ್ಜೆ ಬೇಗ ಚಿಗುರಲು ಸಿಎಸ್‌ಎಫ್ ಬೇಕಿತ್ತು, ಅದನ್ನು ನಾಯಿಯಲ್ಲಿ ಪರೀಕ್ಷಿಸಲು ನಾಯಿಯದೇ ಬೇಕಿತ್ತು.

ಫಲಿತಾಂಶದಲ್ಲಿ ಒಂದು ತಿರುವಿತ್ತು. ಬಿಳಿಕಣಗಳೇನೋ ಏರಿದವು, ಪ್ಲೇಟ್‌ಲೆಟ್ಟುಗಳು ಇಳಿದವು. ಅದೇ ತಂಡ ಬೆನ್ನು ಹತ್ತಿ ನೋಡಿ, ಪ್ಲೇಟ್‌ಲೆಟ್ ಹುಟ್ಟುವುದು ಕಮ್ಮಿಯಾಗಿಲ್ಲ, ರಕ್ತದಲ್ಲಿ ಓಡಾಡುವವೇ ಹೆಚ್ಚು ನಾಶವಾಗುತ್ತಿವೆ ಎಂದು 1995ರಲ್ಲಿ ಬರೆಯಿತು. ತಟ್ಟೆಯಲ್ಲಿ ಚೆನ್ನಾಗಿ ನಡೆದದ್ದು ಮೈಯಲ್ಲಿ ಹೇಗೆ ನಡೆದೀತು ಎಂದು ಮೊದಲೇ ಹೇಳಿಬಿಡುವವರು ಈ ಒಂದು ಪ್ರಬಂಧ ಓದಬೇಕು.

◆

ಎಂ-ಸಿಎಸ್‌ಎಫ್ ಇಲ್ಲದೆ ಹುಟ್ಟಿದ ಇಲಿಗೆ ಹಲ್ಲು ಬರುವುದಿಲ್ಲ. ಹಲ್ಲು ಇಲ್ಲವೆಂದಲ್ಲ, ಇದೆ, ದವಡೆಯೊಳಗೇ ಸಿಕ್ಕಿಕೊಂಡಿರುತ್ತದೆ. ಹಲ್ಲು ಹೊರಬರಲು ದಾರಿಯಲ್ಲಿರುವ ಮೂಳೆಯನ್ನು ಯಾರಾದರೂ ಕೊರೆಯಬೇಕು. ಕೊರೆಯುವ ಆಸ್ಟಿಯೊಕ್ಲಾಸ್ಟ್ ಕೋಶ ಮ್ಯಾಕ್ರೊಫೇಜಿನ ದಾಯಾದಿ, ಅದಕ್ಕೂ ಎಂ-ಸಿಎಸ್‌ಎಫ್ ಬೇಕು. ಇಲಿಯಲ್ಲಿ ಈ ದೋಷ ಆ ಜೀನಿನದೇ ಎಂದು ತಿಳಿದದ್ದು 1990ರಲ್ಲಿ.

◆

ಇನ್ನು 'ರೀಕಾಂಬಿನಂಟ್' ಎಂದರೆ ನಾಯಿಯ ಜೀನನ್ನು ಬೇರೆ ಜೀವಿಯೊಳಗೆ ಕೂರಿಸಿ ಅಲ್ಲಿ ಪ್ರೋಟೀನು ತಯಾರಿಸುವುದು. ಅಗ್ಗದ ಕಾರ್ಖಾನೆ ಇ. ಕೋಲಿ ಬ್ಯಾಕ್ಟೀರಿಯಾ. ಮನುಷ್ಯನ ಇನ್ಸುಲಿನ್ 1978ರಲ್ಲಿ ಅದರಲ್ಲೇ ತಯಾರಾಯಿತು, 1982ರಲ್ಲಿ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಜಪಾನಿನ ಟೋರೆ ಕಂಪನಿ ಬೇರೆ ದಾರಿ ಹಿಡಿದು ನಾಯಿಯ ಗಾಮಾ ಇಂಟರ್‌ಫೆರಾನನ್ನು ರೇಷ್ಮೆಹುಳುವಿನ ಮೈಯಲ್ಲಿ ತಯಾರಿಸಿತು. ಹುಳಕ್ಕೆ ತಗಲುವ ವೈರಸ್ಸಿನಲ್ಲಿ ನಾಯಿಯ ಜೀನು ಸೇರಿಸಿ ಹುಳಕ್ಕೆ ಹಾಯಿಸುತ್ತಾರೆ, ಹುಳು ಗೂಡು ಕಟ್ಟುವ ಬದಲು ನಾಯಿಯ ಪ್ರೋಟೀನು ಕಟ್ಟುತ್ತದೆ. ಜಪಾನಿನಲ್ಲಿ ಅದು ನಾಯಿಯ ಚರ್ಮದ ಅಲರ್ಜಿಗೆ ಮದ್ದು. ರಾಮನಗರದ ಗೂಡಿನ ಮಾರುಕಟ್ಟೆಯವರು ಇದನ್ನು ಕೇಳಿದರೆ ಕಿಲೋಗೆ ಏನು ದರ ಎಂದು ಕೇಳಿಯಾರು.

◆

ಸಿಎಸ್‌ಎಫ್ ಕುಟುಂಬಕ್ಕೂ ಬೆಂಗಳೂರಿಗೂ ನಂಟಿದೆ. ಕ್ಯಾನ್ಸರ್ ರೋಗಿಗಳ ಬಿಳಿಕಣ ಏರಿಸುವ ಪೆಗ್‌ಫಿಲ್‌ಗ್ರಾಸ್ಟಿಮ್ ಎಂಬ ಜಿ-ಸಿಎಸ್‌ಎಫ್ ಮದ್ದಿನ ಮೊದಲ ಬಯೋಸಿಮಿಲರ್‌ಗೆ, ಅಂದರೆ ಮೂಲ ಮದ್ದನ್ನೇ ಹೋಲುವ ಪ್ರತಿಗೆ, ಅಮೆರಿಕ 2018ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆ ಮೈಲಾನ್ ಜೊತೆಗೂಡಿ ರೂಪಿಸಿತ್ತು.

◆

ಇ. ಕೋಲಿ ಅಗ್ಗವೇನೋ ಹೌದು, ಆದರೆ ಮ್ಯಾಕ್ರೊಫೇಜ್ ಸಂಶೋಧಕರಿಗೆ ಅದರಷ್ಟು ತಲೆನೋವು ಬೇರಿಲ್ಲ. ಆ ಬ್ಯಾಕ್ಟೀರಿಯಾದ ಹೊರಪೊರೆಯೇ ಎಂಡೊಟಾಕ್ಸಿನ್ನಿನದು. ಪ್ರೋಟೀನನ್ನು ಎಷ್ಟು ಸೋಸಿದರೂ ಎಳ್ಳಷ್ಟು ಅಂಟಿಕೊಂಡು ಬರುತ್ತದೆ. ಆ ಎಳ್ಳಷ್ಟನ್ನು ಪತ್ತೆ ಹಚ್ಚುವುದರಲ್ಲಿ ಮ್ಯಾಕ್ರೊಫೇಜನ್ನು ಮೀರಿಸಿದ ಕೋಶ ಇಲ್ಲ. ಅದರ ಮೈಮೇಲಿನ ಟಿಎಲ್‌ಆರ್-4 ಎಂಬ ಗ್ರಾಹಕ ಇರುವುದೇ ಇದಕ್ಕಾಗಿ. 1998ರಲ್ಲಿ ಬ್ರೂಸ್ ಬ್ಯೂಟ್ಲರ್ ತಂಡ ಇದನ್ನು ತೋರಿಸಿತು, 2011ರಲ್ಲಿ ಅವರಿಗೆ ನೊಬೆಲ್ ಬಂತು. ಅಂದರೆ ನೀವು ತಟ್ಟೆಗೆ ಸೈಟೊಕೈನ್ ಹಾಕುತ್ತೀರಿ, ಮ್ಯಾಕ್ರೊಫೇಜ್ ಕೆರಳುತ್ತದೆ, ಸೈಟೊಕೈನಿನ ಮಹಿಮೆ ಎಂದು ಪ್ರಬಂಧ ಬರೆಯುತ್ತೀರಿ. ಕೆರಳಿಸಿದ್ದು ಅದರ ಜೊತೆ ಬಂದ ಕಸ. ಹೀಗೆ ಮೋಸ ಹೋದ ಪ್ರಬಂಧಗಳು ಕಮ್ಮಿಯೇನಲ್ಲ. ಈ ಸೀಸೆ ಕೊಳ್ಳುವವರು ಶುದ್ಧತೆ 95 ಪರ್ಸೆಂಟೋ 98 ಪರ್ಸೆಂಟೋ ಎಂದು ನೋಡುವ ಮೊದಲು ಎಂಡೊಟಾಕ್ಸಿನ್ ಸಾಲನ್ನು ಓದಬೇಕು ಎನ್ನುವುದು ನನ್ನ ಅಭಿಪ್ರಾಯ.

◆

ಕುದಿಸಿದರೆ ಹೋಗುವುದಿಲ್ಲವೇ? ಇಲ್ಲ. ಆಟೊಕ್ಲೇವಿನ 121 ಡಿಗ್ರಿಗೂ ಎಂಡೊಟಾಕ್ಸಿನ್ ಜಗ್ಗುವುದಿಲ್ಲ. ಬ್ಯಾಕ್ಟೀರಿಯಾ ಸಾಯುತ್ತದೆ, ಅದರ ಹೊರಪೊರೆಯ ವಿಷ ಉಳಿಯುತ್ತದೆ. ಗಾಜಿನ ಪಾತ್ರೆಯನ್ನು 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಸುಡಬೇಕು. ಪ್ರೋಟೀನನ್ನು ಹಾಗೆ ಸುಡಲಾದೀತೇ? ಹಾಗಾಗಿ ಸೋಸುವುದೊಂದೇ ದಾರಿ.

◆

ಎಂಡೊಟಾಕ್ಸಿನ್ ಎಷ್ಟಿದೆ ಎಂದು ಹೇಳುವುದು ಒಂದು ಸಮುದ್ರಜೀವಿಯ ನೀಲಿ ರಕ್ತ. ಕುದುರೆಲಾಳದ ಆಕಾರದ ಏಡಿ ಎಂದು ಕರೆದರೂ ಅದು ಏಡಿಗಿಂತ ಚೇಳು, ಜೇಡಗಳಿಗೆ ಹತ್ತಿರ. ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರವಿರುವುದರಿಂದ ನೀಲಿ. ಎಂಡೊಟಾಕ್ಸಿನ್ ಸೋಕಿದರೆ ಆ ರಕ್ತದ ಕೋಶಗಳ ಸಾರ ಗಟ್ಟಿಯಾಗುತ್ತದೆ ಎಂದು ಅಮೆರಿಕದ ಫ್ರೆಡರಿಕ್ ಬ್ಯಾಂಗ್ ಮತ್ತು ಜ್ಯಾಕ್ ಲೆವಿನ್ ಕಂಡುಕೊಂಡರು. ಇದರ ಎರಡು ಜಾತಿಗಳು ನಮ್ಮ ಒಡಿಶಾ ಕರಾವಳಿಯಲ್ಲೂ ಇವೆ. ಸಿಂಗಪುರದ ವಿಜ್ಞಾನಿಗಳು ಆ ರಕ್ತದ ಮುಖ್ಯ ಪ್ರೋಟೀನನ್ನೇ ರೀಕಾಂಬಿನಂಟ್ ಆಗಿ ತಯಾರಿಸಿದ ಮೇಲೆ ಏಡಿಯ ರಕ್ತ ಹೀರುವ ಅಗತ್ಯ ತಗ್ಗುತ್ತಿದೆ. ಒಂದು ರೀಕಾಂಬಿನಂಟ್ ಪ್ರೋಟೀನಿನ ಕೊಳೆ ಅಳೆಯಲು ಇನ್ನೊಂದು ರೀಕಾಂಬಿನಂಟ್ ಪ್ರೋಟೀನು.

◆

ಈಗ ಊರಿಗೆ ಬರೋಣ. ಪೆದ್ದಕಡುಬೂರಿನ ಕಡೆಯಿಂದ ಹತ್ತಿ ಹೊತ್ತ ಗಾಡಿಗಳು ಆದವಾನಿ ಯಾರ್ಡಿಗೆ ಹೋಗುವುದು ನಮಗೆ ಹೊಸದಲ್ಲ. ಹತ್ತಿಯ ಜೊತೆ ಮಿಲ್ಲಿಗೆ ಹೋಗುವ ಇನ್ನೊಂದು ಸರಕು ಎಂಡೊಟಾಕ್ಸಿನ್, ಗೊತ್ತೇ? ಹತ್ತಿಕಾಯಿಯ ಹೊರದಳ, ಒಣ ಎಲೆಯ ಚೂರುಗಳ ಮೇಲೆ ಇ. ಕೋಲಿಯ ನೆಂಟರಾದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಹತ್ತಿ ಬಿಡಿಸಿ ಹಿಂಜುವಾಗ ಏಳುವ ಧೂಳಿನಲ್ಲಿ ಅವುಗಳ ಪೊರೆಯೂ ಏಳುತ್ತದೆ. ಉಸಿರಿನ ಜೊತೆ ಎದೆಗಿಳಿದಾಗ ಅದನ್ನು ಮೊದಲು ಎದುರಿಸುವುದು ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕಾವಲಿರುವ ಮ್ಯಾಕ್ರೊಫೇಜುಗಳೇ.

ಇದರಿಂದ ಬರುವ ಕಾಯಿಲೆಗೆ ಬಿಸಿನೋಸಿಸ್ ಎಂದು ಹೆಸರು. ಅದರ ಗುರುತು ವಿಚಿತ್ರ. ಎದೆ ಬಿಗಿಯುವುದು ಸೋಮವಾರ! ಭಾನುವಾರ ರಜೆ ಕಳೆದು ಕೆಲಸಕ್ಕೆ ಬಂದ ದಿನ ಉಸಿರು ಹಿಡಿಯುತ್ತದೆ, ಮಂಗಳವಾರ ಬುಧವಾರಕ್ಕೆ ಸಡಿಲಾಗುತ್ತದೆ. ರಜೆ ಮುಗಿದ ಬೇಸರಕ್ಕೆ ಹೂಡಿದ ನೆಪ ಎಂದು ಮೇಸ್ತ್ರಿ ಗದರಿದರೆ ಕೆಲಸಗಾರ ಏನು ಹೇಳಬೇಕು? ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಲ್ಲಿ ರಿಚರ್ಡ್ ಶಿಲಿಂಗ್ 1950ರ ದಶಕದಲ್ಲಿ ಈ ಸೋಮವಾರದ ಲೆಕ್ಕದ ಮೇಲೆಯೇ ಕಾಯಿಲೆಗೆ ದರ್ಜೆ ಕಟ್ಟಿದರು. ದಿನದಿನ ಎಂಡೊಟಾಕ್ಸಿನ್ ಉಂಡ ಮ್ಯಾಕ್ರೊಫೇಜ್ ಮಂದವಾಗುತ್ತದೆ, ಬಿಡುವು ಸಿಕ್ಕರೆ ಮತ್ತೆ ಚುರುಕಾಗುತ್ತದೆ; ಪ್ರಯೋಗಾಲಯದ ತಟ್ಟೆಯಲ್ಲೂ ಇದು ಕಾಣುತ್ತದೆ. 1987ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಸ್ವಯಂಸೇವಕರಿಗೆ ಹತ್ತಿ ಧೂಳು ಉಸಿರಾಡಿಸಿ ಅಳೆಯಿತು. ಉಸಿರಿನ ಬಲ ಕುಂದಿದ್ದು ಧೂಳಿನ ತೂಕಕ್ಕೆ ತಕ್ಕಂತೆ ಅಲ್ಲ, ಅದರಲ್ಲಿದ್ದ ಎಂಡೊಟಾಕ್ಸಿನ್‌ಗೆ ತಕ್ಕಂತೆ. ನಮ್ಮ ಕಾರ್ಮಿಕ ಕಾನೂನಿನ ರೋಗಪಟ್ಟಿಯಲ್ಲಿ ಬಿಸಿನೋಸಿಸ್ ಇದೆ. ಅಂದರೆ ಕಂಡ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ. ಕೆಮ್ಮುವ ಮಿಲ್ ಕೆಲಸಗಾರನನ್ನು "ಯಾವ ವಾರ ಜಾಸ್ತಿ?" ಎಂದು ಕೇಳುವ ವೈದ್ಯರು ಎಷ್ಟು ಜನ ಎನ್ನುವುದು ಬೇರೆ ಮಾತು.

◆

ಆಂಧ್ರ ರಾಜ್ಯ ಹುಟ್ಟಿದ 1953ರ ಅಕ್ಟೋಬರ್ 1ಕ್ಕೆ ಮುಂಚೆ ಆದವಾನಿ, ಆಲೂರು, ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು, ನಮ್ಮ ರಾಜಧಾನಿ ಮದ್ರಾಸು. ಆ ಮದ್ರಾಸಿನಲ್ಲಿ 1903ರಲ್ಲಿ ಚಾರ್ಲ್ಸ್ ಡೊನೊವನ್ ಎಂಬ ವೈದ್ಯ ರೋಗಿಯ ಗುಲ್ಮದಲ್ಲಿ ಕಾಲಾ ಅಜಾರ್ ಪರಾವಲಂಬಿಯನ್ನು ಕಂಡ. ಇಂಗ್ಲೆಂಡಿನಲ್ಲಿ ವಿಲಿಯಂ ಲೀಶ್‌ಮನ್, ದಮ್‌ದಮ್‌ನಲ್ಲಿ ಕಾಯಿಲೆ ಹತ್ತಿಸಿಕೊಂಡು ಸತ್ತ ಸೈನಿಕನ ಗುಲ್ಮದಲ್ಲಿ ಕಂಡದ್ದೂ ಅದನ್ನೇ. ಇಬ್ಬರ ಹೆಸರನ್ನೂ ಸೇರಿಸಿ ಲೀಶ್ಮೇನಿಯ ಡೊನೊವಾನಿ ಎಂದು ನಾಮಕರಣ ಮಾಡಿದವರು ರೊನಾಲ್ಡ್ ರಾಸ್. ಅದು ವಾಸಿಸುವುದು, ಸಂತಾನ ಬೆಳೆಸುವುದು ಮ್ಯಾಕ್ರೊಫೇಜಿನ ಹೊಟ್ಟೆಯೊಳಗೆ. ಕಳ್ಳ ಪೊಲೀಸ್ ಠಾಣೆಯಲ್ಲೇ ಸಂಸಾರ ಹೂಡಿದ ಹಾಗೆ. ಡೊನೊವನ್ 1905ರಲ್ಲಿ ಮದ್ರಾಸಿನಲ್ಲೇ ಇನ್ನೊಂದು ರೋಗಾಣುವನ್ನೂ ಗುರುತಿಸಿದ, ಅದು ತರುವ ಕಾಯಿಲೆಯೇ ಇಂದಿನ ಡೊನೊವನೋಸಿಸ್. ಅದೂ ಮ್ಯಾಕ್ರೊಫೇಜಿನೊಳಗಿನದೇ. ಒಬ್ಬನೇ ಮನುಷ್ಯ, ಒಂದೇ ಊರು, ಎರಡು ಸಲ ಅದೇ ಅಡಗುತಾಣ.

ಭಾರತದ ಕಾಲಾ ಅಜಾರ್ ಮನುಷ್ಯನಿಂದ ಮನುಷ್ಯನಿಗೆ ಮರಳುನೊಣದ ಮೂಲಕ ಹೋಗುತ್ತದೆ, ನಾಯಿಯ ಪಾತ್ರವಿಲ್ಲ. ಮೆಡಿಟರೇನಿಯನ್ ದೇಶಗಳಲ್ಲಿ, ಬ್ರೆಜಿಲಿನಲ್ಲಿ ಇದರ ಸೋದರ ಜಾತಿಗೆ ನಾಯಿಯೇ ಉಗ್ರಾಣ. ನಾಯಿಯ ಮ್ಯಾಕ್ರೊಫೇಜನ್ನು ತಟ್ಟೆಯಲ್ಲಿ ಸಾಕಬೇಕೆಂಬ ಹಟಕ್ಕೆ ಅಲ್ಲಿನ ಸಂಶೋಧಕರ ಕೊಡುಗೆ ದೊಡ್ಡದು.

◆

ಅಮೆರಿಕ ವಿಯೆಟ್ನಾಂ ಯುದ್ಧಕ್ಕೆ ಒಯ್ದ ಸೈನ್ಯದ ನಾಯಿಗಳಲ್ಲಿ ನೂರಾರು ಸತ್ತದ್ದು ಗುಂಡಿನಿಂದಲ್ಲ, ಉಣ್ಣೆಯಿಂದ. ಉಣ್ಣೆ ಹರಡಿದ ಎರ್ಲಿಕಿಯ ಕ್ಯಾನಿಸ್ ಎಂಬ ಬ್ಯಾಕ್ಟೀರಿಯಾ ಮಾನೊಸೈಟಿನೊಳಗೆ, ಮ್ಯಾಕ್ರೊಫೇಜಿನೊಳಗೆ ಮನೆ ಮಾಡುತ್ತದೆ. ಜ್ವರ, ಬಡಕಲು ಮೈ, ಇಳಿದ ಪ್ಲೇಟ್‌ಲೆಟ್, ಮೂಗಿನಲ್ಲಿ ರಕ್ತ. ನಮ್ಮ ಕಡೆಯ ಪಶು ಆಸ್ಪತ್ರೆಗಳಲ್ಲಿ 'ಟಿಕ್ ಫೀವರ್' ಎನ್ನುವುದು ಬಹಳ ಸಲ ಇದನ್ನೇ.

◆

ನಾಯಿಯ ಮ್ಯಾಕ್ರೊಫೇಜ್ ಸಂಶೋಧನೆಯ ಆಧಾರಸ್ತಂಭ ಒಂದು ಸತ್ತ ಗೋಲ್ಡನ್ ರಿಟ್ರೀವರ್. ಮ್ಯಾಕ್ರೊಫೇಜ್ ವಂಶದ ಕೋಶಗಳ ಕ್ಯಾನ್ಸರಿನಿಂದ ನರಳಿದ ಆ ನಾಯಿಯ ಕೋಶಗಳಿಂದ ಅಮೆರಿಕದ ಒಹಾಯೊದಲ್ಲಿ ಡಿಎಚ್-82 ಎಂಬ ಕೋಶಸಾಲು ಮಾಡಿ 1988ರಲ್ಲಿ ಪ್ರಕಟಿಸಿದರು. ನಾಯಿ ಹೋಗಿ ಮೂರು ದಶಕ ದಾಟಿದರೂ ಕೋಶಗಳು ಲೋಕದ ಲ್ಯಾಬುಗಳಲ್ಲಿ ಇನ್ನೂ ಒಡೆದು ಹೆಚ್ಚುತ್ತಿವೆ. ಎರ್ಲಿಕಿಯವನ್ನು ಸಾಕುವುದು ಅದರಲ್ಲೇ. ಮನುಷ್ಯನಿಗೆ ಬರುವ ಎರ್ಲಿಕಿಯ ಚಾಫಿಯೆನ್ಸಿಸ್ ಮೊದಲು ಕೈಗೆ ಸಿಕ್ಕಿದ್ದೂ 1991ರಲ್ಲಿ ಈ ನಾಯಿಯ ಕೋಶದಲ್ಲೇ.

ಡಿಎಚ್-82 ಇದ್ದ ಮೇಲೆ ಸೈಟೊಕೈನ್ ಸೀಸೆ ಯಾಕೆ ಬೇಕು? ಅವು ಕ್ಯಾನ್ಸರ್ ಕೋಶಗಳು, ತಮ್ಮಷ್ಟಕ್ಕೆ ಬೆಳೆಯುತ್ತವೆ. ಆರೋಗ್ಯವಂತ ನಾಯಿಯ ಮ್ಯಾಕ್ರೊಫೇಜ್ ಹೇಗೆ ವರ್ತಿಸುತ್ತದೆ ಎಂದು ಅವನ್ನು ಕೇಳಿದರೆ ಉತ್ತರ ಪೂರ್ತಿ ನಂಬುವಂಥದ್ದಲ್ಲ.

◆

ಮಕ್ಕಳ ಮೂಳೆ ಕ್ಯಾನ್ಸರಿಗೆ ಯುರೋಪು 2009ರಲ್ಲಿ ಒಪ್ಪಿದ ಮಿಫಾಮುರ್ಟೈಡ್ ಎಂಬ ಮದ್ದು ಗೆಡ್ಡೆಯನ್ನು ನೇರ ಕೊಲ್ಲುವುದಿಲ್ಲ, ಮ್ಯಾಕ್ರೊಫೇಜನ್ನು ಎಬ್ಬಿಸುತ್ತದೆ. ಇದರ ದಾರಿ ತೆರೆದದ್ದು ಸಾಕುನಾಯಿಗಳು. ವಿಸ್ಕಾನ್ಸಿನ್‌ನಲ್ಲಿ ಮ್ಯಾಕ್‌ಯೂವನ್ ತಂಡ, ಮೂಳೆ ಕ್ಯಾನ್ಸರಿಗೆ ಕಾಲು ಕತ್ತರಿಸಿದ ನಾಯಿಗಳಿಗೆ ಇದನ್ನು ಕೊಟ್ಟಿತು. 1989ರ ವರದಿಯಂತೆ ಮದ್ದು ಸಿಗದವು ಬದುಕಿದ ಮಧ್ಯಮ ಅವಧಿ 77 ದಿನ, ಸಿಕ್ಕವು 222 ದಿನ.

◆

ಬೀದಿನಾಯಿಗಳ ಜನನಾಂಗದಲ್ಲಿ ಹೂಕೋಸಿನಂತೆ ಬೆಳೆಯುವ ಗೆಡ್ಡೆಯನ್ನು ನೀವೂ ಕಂಡಿರಬಹುದು. ಅದು ಅಂಟುವ ಕ್ಯಾನ್ಸರ್. ಕ್ಯಾನ್ಸರ್ ಕೋಶವೇ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟಿ ಬೇರೂರುತ್ತದೆ. 2014ರಲ್ಲಿ ಪ್ರಕಟವಾದ ಜೀನೋಮ್ ಲೆಕ್ಕ ಅದರ ವಯಸ್ಸನ್ನು ಸುಮಾರು 11,000 ವರ್ಷ ಎಂದಿತು. ಮೊದಲು ಅದು ಹುಟ್ಟಿದ ಕೋಶ ಮ್ಯಾಕ್ರೊಫೇಜ್ ವಂಶದ್ದಿರಬೇಕು ಎಂದು ಹಲವರ ಅಂದಾಜು. ಹೆಸರು ಕೇಳಿ ಗಾಬರಿಪಡಬೇಡಿ. ವಿನ್‌ಕ್ರಿಸ್ಟಿನ್ ಎಂಬ ಸೂಜಿಮದ್ದಿನ ಕೆಲವೇ ವಾರಗಳಲ್ಲಿ ಬಹುಪಾಲು ನಾಯಿಗಳಲ್ಲಿ ಕರಗುತ್ತದೆ. ಆ ಮದ್ದು ಸಿಗುವ ಗಿಡ, ಅಂಗಳದಲ್ಲಿ ನೀರು ಹಾಕದಿದ್ದರೂ ಹೂ ಬಿಡುವ ಕಾಶಿ ಕಣಗಿಲೆ.

◆

ಕೆಲವು ಸಲ ಸೈಟೊಕೈನ್ ಕೊಡುವುದಲ್ಲ, ತಡೆಯುವುದೇ ಚಿಕಿತ್ಸೆ. ಅಲರ್ಜಿಯ ನಾಯಿ ಮೈ ಕೆರೆದು ಕೆರೆದು ರಕ್ತ ತರುವುದರಲ್ಲಿ ಐಎಲ್-31 ಎಂಬ ಸೈಟೊಕೈನಿನ ಕೈವಾಡ ದೊಡ್ಡದು. ಅದನ್ನು ಹಿಡಿದು ಕಟ್ಟಿಹಾಕುವ ಲೋಕಿವೆಟ್‌ಮ್ಯಾಬ್ ಎಂಬ ಪ್ರತಿಕಾಯ ಅಮೆರಿಕದಲ್ಲಿ ಬಳಕೆಯಲ್ಲಿದೆ.

◆

ಮನುಷ್ಯನ ಸಂಶೋಧಕರಿಗೆ ಸಿಗುವ ಸಲಕರಣೆಯಲ್ಲಿ ನಾಯಿಯ ಸಂಶೋಧಕರಿಗೆ ಸಿಗುವುದು ಸಣ್ಣ ಪಾಲು. ತಟ್ಟೆಯಲ್ಲಿರುವುದು ಮಾನೊಸೈಟೇ ಎಂದು ಖಚಿತ ಮಾಡಲು ಸಿಡಿ-14 ಎಂಬ ಗುರುತು ಹುಡುಕಬೇಕು. ಅದಕ್ಕೆ ನಾಯಿ ಲ್ಯಾಬುಗಳು ಬಳಸುವ ಟ್ಯೂಕ್-4 ಎಂಬ ಪ್ರತಿಕಾಯ ಮನುಷ್ಯನದಕ್ಕೆಂದು ತಯಾರಾದದ್ದು, ಅದೃಷ್ಟಕ್ಕೆ ನಾಯಿಯದಕ್ಕೂ ಅಂಟುತ್ತದೆ. ನಾಯಿಯ ಜೀನೋಮ್ ಮಾತ್ರ 2005ರಲ್ಲೇ, ಟಾಷಾ ಎಂಬ ಬಾಕ್ಸರ್ ನಾಯಿಯ ಪುಣ್ಯದಿಂದ, ಪುಸ್ತಕದಂತೆ ತೆರೆದುಕೊಂಡಿದೆ. ಯಾವ ಸೈಟೊಕೈನಿನ ಜೀನು ಬೇಕಾದರೂ ಈಗ ಅಲ್ಲಿಂದ ಓದಿ ಕಟ್ಟಿಕೊಳ್ಳಬಹುದು.

◆

ಸೈಟೊಕೈನ್ ಸೀಸೆಯ ಮೇಲೆ 'ಸಂಶೋಧನೆಗೆ ಮಾತ್ರ' ಎಂದು ಬರೆದಿರುತ್ತದೆ, ನಾಯಿಗೆ ಚುಚ್ಚುವಂತಿಲ್ಲ. ನಿಮ್ಮ ಮನೆ ನಾಯಿಗೆ ಎರ್ಲಿಕಿಯ ಬಂದರೆ ಪಶುವೈದ್ಯರು ಬರೆಯುವುದು ಹಳೆಯ ಡಾಕ್ಸಿಸೈಕ್ಲಿನ್, ಸಾಮಾನ್ಯವಾಗಿ 28 ದಿನ. ನಾಲ್ಕೇ ದಿನದಲ್ಲಿ ನಾಯಿ ಚಿಗುರಿ ಓಡಾಡತೊಡಗುತ್ತದೆ, ಮಾತ್ರೆ ನಿಲ್ಲಿಸುವುದೂ ಆಗಲೇ. ಕೋಶದೊಳಗೆ ಅಡಗಿದ ರೋಗಾಣುವಿಗೆ ಬೇಕಾದದ್ದೂ ಅದೇ.

ಕೊನೆಗೆ, ಉಣ್ಣೆ ಕಿತ್ತು ನೆಲಕ್ಕೆ ಹಾಕುವವರು ಗಮನಿಸಿ. 1905ರಲ್ಲಿ ಭಾರತದ ನಾಯಿಗಳ ಬಿಳಿರಕ್ತಕಣದಲ್ಲಿ ಎಸ್. ಪಿ. ಜೇಮ್ಸ್ ಕಂಡ ಹೆಪಟೊಝೂನ್ ಕ್ಯಾನಿಸ್ ಎಂಬ ಪರಾವಲಂಬಿ ಉಣ್ಣೆ ಕಚ್ಚಿದರೆ ಬರುವುದಿಲ್ಲ, ನಾಯಿ ಉಣ್ಣೆಯನ್ನು ನುಂಗಿದರೆ ಬರುತ್ತದೆ. ಕಿತ್ತದ್ದನ್ನು ನಾಯಿಯ ಬಾಯಿಗೆ ಸಿಗುವ ಹಾಗೆ ಬಿಡದೆ ಸ್ಪಿರಿಟ್ಟಿನ ಡಬ್ಬಿಗೆ ಹಾಕಿ ಮುಚ್ಚಿ.